ಎರಡೂವರೆ ಅಂಗುಲ ಹಿಮ, ಹದಿನಾಲ್ಕು ತಾಸು ರಸ್ತೆಯಲ್ಲಿ: ಅಟ್ಲಾಂಟಾದ ಆ ರಾತ್ರಿಯ ಕುರಿತು

ಕಾಳಿದಂಡೆ, ಕಾರವಾರ

ನಮ್ಮ ಜಿಲ್ಲೆಯಿಂದ ಓದಲು, ದುಡಿಯಲು ಅಮೆರಿಕಕ್ಕೆ ಹೋದವರಲ್ಲಿ ಅನೇಕರು ಅಟ್ಲಾಂಟಾ, ಡಾಲಸ್, ಆಸ್ಟಿನ್‌ನಂಥ ದಕ್ಷಿಣದ ಊರುಗಳಲ್ಲಿದ್ದಾರೆ. ಕಳುಹಿಸುವಾಗ ನಾವು ಹೇಳಿಕೊಳ್ಳುವ ಸಮಾಧಾನ ಒಂದೇ: ಅಲ್ಲಿ ಹಿಮದ ಕಾಟವಿಲ್ಲ, ಹವೆ ಹೆಚ್ಚುಕಡಿಮೆ ನಮ್ಮ ಕಡೆಯಂತೆಯೇ ಇದೆ. ಅಂಕೋಲೆಯ ಪರಿಚಯದವರ ಮಗನೊಬ್ಬ ಬರುವ ಜನವರಿಯಲ್ಲಿ ಡಾಲಸ್‌ಗೆ ಹೊರಟಿದ್ದಾನೆ. ಅವನ ಮನೆಯವರು ಮೊನ್ನೆ ಇದೇ ಮಾತನ್ನು ನನ್ನೆದುರು ಆಡಿದಾಗ, ಹಿಮ ಬೀಳದ ಊರಿನಲ್ಲಿಯೇ ಹಿಮಕ್ಕೆ ಸಿಕ್ಕಿ ಒಂದಿಡೀ ರಾತ್ರಿ ಕಳೆದ ನನ್ನ ಅನುಭವವನ್ನು ಬರೆಯಬೇಕೆನಿಸಿತು.

ಅದು 2014ರ ಜನವರಿ 28, ಮಂಗಳವಾರ. ಬ್ಯಾಂಕಿನಿಂದ ನಿವೃತ್ತನಾದ ಮೇಲೆ ಮೂರು ತಿಂಗಳ ಮಟ್ಟಿಗೆ ಮಗಳ ಮನೆಗೆ ಹೋಗಿದ್ದೆ. ಅವಳ ಮನೆ ಅಟ್ಲಾಂಟಾದ ಉತ್ತರದ ಬಡಾವಣೆಯಲ್ಲಿ, ಊರನ್ನು ಸುತ್ತುವರಿದ 285 ಎಂಬ ವರ್ತುಲ ಹೆದ್ದಾರಿಯಿಂದ ಆಚೆ. ಆ ದಿನ ಮಗಳು ಅರ್ಧ ದಿನ ರಜೆ ಹಾಕಿ, ನನ್ನ ಕನ್ನಡಕ ಬದಲಾಯಿಸಲೆಂದು ಪೇಟೆಯೊಳಗೆ ಕರೆದುಕೊಂಡು ಹೋಗಿದ್ದಳು. ಮಧ್ಯಾಹ್ನದ ಹೊತ್ತಿಗೆ ಹಿಮ ಉದುರತೊಡಗಿತು. ಅರವತ್ತು ದಾಟಿದ ನಾನು ಅಂಗಡಿಯಿಂದ ಹೊರಗೆ ಬಂದು, ಬೂರುಗದ ಹತ್ತಿಯಂತೆ ತೇಲಿ ಬರುತ್ತಿದ್ದ ಅದನ್ನು ಚಿಕ್ಕ ಹುಡುಗನಂತೆ ಅಂಗೈಯಲ್ಲಿ ಹಿಡಿಯುತ್ತ ನಿಂತಿದ್ದೆ. ಅಷ್ಟರಲ್ಲಿ ಮೊಮ್ಮಗನ ಶಾಲೆಯಿಂದ ಸಂದೇಶ ಬಂತು: ಶಾಲೆ ಬೇಗ ಬಿಡುತ್ತದೆ. ಅದೇ ಗಳಿಗೆಯಲ್ಲಿ ಕಚೇರಿಗಳೂ ಬಿಟ್ಟವು, ಕಂಪನಿಗಳೂ ಬಿಟ್ಟವು. ನಾವು ಒಂದು ಗಂಟೆಗೆ ಕಾರು ಹತ್ತಿದೆವು.

ಮೊದಲ ಮೂರು ತಾಸಿನಲ್ಲಿ ಎರಡು ಮೈಲಿ ಸಾಗಿದ್ದೆವು. ಅಟ್ಲಾಂಟಾ ಬಯಲೂರಲ್ಲ, ಏರುತಗ್ಗಿನ ನೆಲ. ಹೆದ್ದಾರಿಗೆ ಸೇರುವ ಸಣ್ಣ ಏರಿನಲ್ಲಿ ಮುಂದಿನ ಕಾರಿನ ಚಕ್ರ ನಿಂತಲ್ಲೇ ಗರಗರ ತಿರುಗಿ, ಕಾರು ಮೆಲ್ಲಗೆ ಅಡ್ಡವಾಗಿ, ಹಿಂದಕ್ಕೆ ನಮ್ಮ ಕಡೆಗೇ ಜಾರಿ ಬಂತು. ಅದರಲ್ಲಿದ್ದ ಹೆಂಗಸು ಸ್ಟೇರಿಂಗ್ ಹಿಡಿದುಕೊಂಡೇ ನಮ್ಮನ್ನು ನೋಡುತ್ತಿದ್ದಳು. ಅವಳ ಕೈಯಲ್ಲಿ ಏನೂ ಇರಲಿಲ್ಲ. ಹೇಗೋ ಹೆದ್ದಾರಿ ಸೇರಿದರೆ ಅಲ್ಲಿ ದೊಡ್ಡ ಟ್ರಕ್ಕುಗಳು ಅಡ್ಡಬಿದ್ದಿದ್ದವು. ಊರೊಳಗೆ ಕೆಲಸವಿಲ್ಲದ ಭಾರಿ ಟ್ರಕ್ಕುಗಳು ಪೇಟೆಯನ್ನು ಹಾಯುವಂತಿಲ್ಲ, ಎಲ್ಲವೂ ಇದೇ ವರ್ತುಲ ರಸ್ತೆಯನ್ನು ಹಿಡಿಯಬೇಕು. ಆದ್ದರಿಂದ ಒಂದು ಅಡ್ಡನಿಂತರೆ ಹಿಂದಿನ ಹತ್ತು ಮೈಲಿ ನಿಂತಂತೆಯೇ.

ಆಗ ಕಾರವಾರದಲ್ಲಿದ್ದ ನನ್ನ ಹೆಂಡತಿಗೆ ಮಗಳು ಫೋನು ಮಾಡಿ "ರಸ್ತೆ ತುಂಬ ಮಂಜು, ಸಿಕ್ಕಿಹಾಕಿಕೊಂಡಿದ್ದೇವೆ" ಎಂದಳು. ನಮ್ಮ ಭಾಷೆಯಲ್ಲಿ ದೇವಿಮನೆ ಘಟ್ಟದಲ್ಲಿ ಕವಿಯುವುದೂ ಮಂಜು, ಆಕಾಶದಿಂದ ಉದುರುವುದೂ ಮಂಜು. ಅವಳು ಗಾಬರಿಯಿಲ್ಲದೆ "ಲೈಟು ಹಾಕಿಕೊಂಡು ನಿಧಾನ ಬನ್ನಿ, ಬಿಸಿಲು ಬಂದರೆ ಹೋಗುತ್ತದೆ" ಎಂದು ಹೇಳಿ ಫೋನು ಇಟ್ಟಳು. ಅಲ್ಲಿ ಆಗ ಸಂಜೆ ಎಂಟು, ಇಲ್ಲಿ ಮರುದಿನ ಬೆಳಗಿನ ಆರೂವರೆ. ಅವಳಿಗೆ ಬಿಸಿಲು ಬರುವುದಿತ್ತು, ನಮಗೆ ರಾತ್ರಿ ಬರುವುದಿತ್ತು.

ನನಗೆ ಸಕ್ಕರೆ ಕಾಯಿಲೆ ಇದೆ. ಮಾತ್ರೆ ಮನೆಯಲ್ಲಿತ್ತು, ಕಾರಿನಲ್ಲಿ ಇದ್ದದ್ದು ಮೊಮ್ಮಗನ ಅರ್ಧ ಬಿಸ್ಕೀಟು ಪೊಟ್ಟಣ ಮತ್ತು ಒಂದು ಬಾಟಲಿ ನೀರು. ಹಸಿವಿಗಿಂತ ದೊಡ್ಡ ಕಷ್ಟ ಮೂತ್ರದ್ದು. ಆ ವಯಸ್ಸಿನಲ್ಲಿ ಮಗಳೆದುರು ಕಾರಿನಿಂದ ಇಳಿದು ಟ್ರಕ್ಕಿನ ಮರೆಗೆ ಹೋಗುವ ಸಂಕೋಚವನ್ನು ನಾನಿಲ್ಲಿ ವಿವರಿಸುವುದಿಲ್ಲ. ಒಂಬತ್ತು ಗಂಟೆಗೆ ಅಪರಿಚಿತರೊಬ್ಬರು ಕಾರಿನಿಂದ ಕಾರಿಗೆ ನಡೆದು ಬಂದು, ಗಾಜು ತಟ್ಟಿ, ಬಿಸಿ ಚಾಕೊಲೇಟು ಹಾಲನ್ನು ಕಾಗದದ ಲೋಟದಲ್ಲಿ ಕೊಟ್ಟು ಹೋದರು. ಎರಡು ಗಂಟೆಗೆ ಪೆಟ್ರೋಲು ಮುಳ್ಳು ತಳ ಸೇರಿತು. ಕಾರನ್ನು ಅಂಚಿಗೆ ನಿಲ್ಲಿಸಿ ನಡೆಯಲು ನಿಶ್ಚಯಿಸಿದೆವು. ಮಗಳು ಬ್ರೆಡ್ಡಿನ ಎರಡು ಪ್ಲಾಸ್ಟಿಕ್ ಚೀಲಗಳನ್ನು ನನ್ನ ಕಾಲುಚೀಲದ ಮೇಲೆ ತೊಡಿಸಿ, ಅದರ ಮೇಲೆ ಕ್ಯಾನ್ವಾಸ್ ಬೂಟು ಹಾಕಿದಳು. ಒಂದು ಮೈಲಿ ನಡೆಯಲು ಒಂದು ತಾಸು ಹಿಡಿಯಿತು. ಬಾಗಿಲು ಮುಚ್ಚದೆ ಉಳಿದಿದ್ದ ಔಷಧದ ಅಂಗಡಿಯೊಂದರಲ್ಲಿ, ಶಾಂಪೂ ಬಾಟಲಿಗಳ ಎರಡು ಸಾಲುಗಳ ನಡುವೆ, ಬಿಚ್ಚಿದ ರಟ್ಟಿನ ಪೆಟ್ಟಿಗೆಯ ಮೇಲೆ ಬೆಳಗಿನವರೆಗೆ ಮಲಗಿದೆವು. ಮೊಮ್ಮಗ ಆ ರಾತ್ರಿ ಶಾಲೆಯಲ್ಲಿಯೇ ಉಳಿದ.

ನಂತರ ತಿಳಿದ ಸಂಗತಿ: ಬಿದ್ದ ಹಿಮ ಎರಡೂವರೆ ಅಂಗುಲದ ಆಸುಪಾಸು, ಅಷ್ಟೇ. ಹವಾಮಾನ ಇಲಾಖೆ ಅಂದು ಬೆಳಗಿನ ಜಾವವೇ ಎಚ್ಚರಿಕೆ ಕೊಟ್ಟಿತ್ತು. ಆದರೆ ಹಿಂದಿನ ದಿನಗಳ ಅಂದಾಜಿನಲ್ಲಿ ಹೆಚ್ಚಿನ ಹಿಮ ಊರಿನ ದಕ್ಷಿಣಕ್ಕೆ ಬೀಳುವುದಿತ್ತಾದ್ದರಿಂದ, ಬೆಳಿಗ್ಗೆ ಎಲ್ಲರೂ ಎಂದಿನಂತೆ ಹೊರಟಿದ್ದರು. ಮಧ್ಯಾಹ್ನ ಒಂದೇ ತಾಸಿನಲ್ಲಿ ಲಕ್ಷಾಂತರ ಜನ ರಸ್ತೆಗಿಳಿದರು. ಮೊದಲು ಬಿದ್ದ ಹಿಮ ಟೈರಿನ ಬಿಸಿಗೆ ಕರಗಿ, ಸಂಜೆಯ ಚಳಿಗೆ ಕಣ್ಣಿಗೆ ಕಾಣದ ಗಾಜಿನ ಪದರವಾಯಿತು. ಉಪ್ಪು ಹರಡಬೇಕಾದ ಲಾರಿಗಳು ಅದೇ ಸಾಲಿನಲ್ಲಿ, ನಮ್ಮ ಹಿಂದೆಯೇ ನಿಂತಿದ್ದವು. ನನ್ನ ವಾದ ಇಷ್ಟೇ: ಆ ಊರನ್ನು ಕಟ್ಟಿಹಾಕಿದ್ದು ಹಿಮವಲ್ಲ, ಎಲ್ಲರೂ ಒಟ್ಟಿಗೆ ಹೊರಟಿದ್ದು. ಇಲ್ಲಿನ ಹಿರಿಯರು, ಅಲ್ಲಿ ಮಕ್ಕಳನ್ನು ಇಟ್ಟವರು, ಏನು ಹೇಳುತ್ತೀರಿ?

ಮಾರಿಪೇಟೆ, ಶಿರಸಿ

ಬರವಣಿಗೆ ಚೆನ್ನಾಗಿದೆ, ಆದರೆ ನನಗೆ ನಗುವೂ ಬಂತು, ಕ್ಷಮಿಸಿ. ಎರಡೂವರೆ ಅಂಗುಲ ಎಂದರೆ ನಮ್ಮಲ್ಲಿ ಆಷಾಢದ ಒಂದು ಸಾಮಾನ್ಯ ಬೆಳಗಿನ ಮಳೆ. ಹತ್ತು ಅಂಗುಲ ಮಳೆ ಹೊಡೆದ ದಿನವೂ ಕುಮಟಾ ಬಸ್ಸು ಘಟ್ಟ ಇಳಿದಿದೆ, ಹಾಲಿನವನು ಬಂದಿದ್ದಾನೆ, ಪೇಪರು ಒದ್ದೆಯಾಗಿಯಾದರೂ ಬಂದಿದೆ. ಜಗತ್ತಿನ ಅತ್ಯಂತ ಗಿಜಿಗುಟ್ಟುವ ವಿಮಾನ ನಿಲ್ದಾಣಗಳಲ್ಲೊಂದನ್ನು ಇಟ್ಟುಕೊಂಡ ಶ್ರೀಮಂತ ಊರು ಹಿಮ ತೆಗೆಯುವ ನಾಲ್ಕು ಯಂತ್ರಗಳನ್ನು ಕೊಂಡಿಟ್ಟುಕೊಳ್ಳಬಾರದೆ? ಷಿಕಾಗೋದಲ್ಲಿ ಒಂದಡಿ ಬಿದ್ದರೂ ಮಕ್ಕಳು ಶಾಲೆಗೆ ಹೋಗುತ್ತಾರೆಂದು ನನ್ನ ಭಾವ ಹೇಳುತ್ತಾನೆ.

ಅರಬೈಲ್ ತಿರುವು, ಯಲ್ಲಾಪುರ

ಮಾರಿಪೇಟೆಯವರೇ, ನಾನು ಇಪ್ಪತ್ತೆರಡು ವರ್ಷ ಲಾರಿ ಇಟ್ಟುಕೊಂಡವನು, ಅದರಲ್ಲಿ ಮೊದಲ ಒಂಬತ್ತು ವರ್ಷ ನಾನೇ ಓಡಿಸಿದವನು. ಮಳೆಗೂ ಮಂಜುಗಡ್ಡೆಗೂ ಹೋಲಿಕೆ ಸಲ್ಲದು. ಮಳೆಯಲ್ಲಿ ಟೈರಿನ ಗೆರೆಗಳು ನೀರನ್ನು ಬದಿಗೆ ತಳ್ಳುತ್ತವೆ, ಡಾಂಬರು ಟೈರಿಗೆ ಸಿಗುತ್ತದೆ. ಮಂಜುಗಡ್ಡೆಯ ಮೇಲೆ ಟೈರಿಗೆ ಹಿಡಿಯಲು ಏನೂ ಸಿಗುವುದಿಲ್ಲ. ಬ್ರೇಕು ಒತ್ತಿದಷ್ಟೂ ಗಾಡಿ ಜಾರುತ್ತದೆ. ಮೊದಲ ಮಳೆಯ ದಿನ ಅರಬೈಲ್ ಇಳಿಜಾರಿನಲ್ಲಿ ಎಣ್ಣೆ ಚೆಲ್ಲಿದ ಜಾಗದ ಮೇಲೆ ತುಂಬಿದ ಲಾರಿ ಇಳಿಸಿದವನಿಗೆ ಅದರ ಒಂದಂಶ ತಿಳಿದೀತು. ಆ ಹತ್ತು ಮಾರು ದಾರಿಯನ್ನು ಹತ್ತು ಮೈಲಿಗೆ ಎಳೆದು ನೋಡಿ.

ಆದರೆ ಕಾಳಿದಂಡೆಯವರ ಮುಖ್ಯ ಮಾತನ್ನು ನಾನು ಪೂರ್ತಿ ಒಪ್ಪುತ್ತೇನೆ, ಏಕೆಂದರೆ ಅದನ್ನು ನಾನು ಪ್ರತಿ ಮಳೆಗಾಲವೂ ಕಂಡಿದ್ದೇನೆ. ಘಟ್ಟದಲ್ಲಿ ಒಂದು ಲಾರಿಯ ಎಕ್ಸಲ್ ಮುರಿದು ತಿರುವಿನಲ್ಲಿ ನಿಂತಿತೆನ್ನಿ. ಮೇಲಿನಿಂದ ಬಂದವರು ತಮ್ಮ ಬದಿಯಲ್ಲಿ ಸಾಲಾಗಿ ನಿಂತರೆ ಅರ್ಧ ತಾಸಿನಲ್ಲಿ ಕ್ರೇನು ಬಂದು ಎಳೆದು ಹಾಕುತ್ತದೆ. ಆದರೆ ಹಿಂದಿನಿಂದ ಬಂದ ಕಾರಿನವನಿಗೆ ತಾಳ್ಮೆಯಿಲ್ಲ, ಬಲಬದಿ ಖಾಲಿ ಕಂಡಿತೆಂದು ನುಗ್ಗುತ್ತಾನೆ, ಅವನ ಹಿಂದೆ ಇನ್ನೊಬ್ಬ, ಕೆಳಗಿನಿಂದಲೂ ಇದೇ ಬಗೆ. ಹತ್ತು ನಿಮಿಷದಲ್ಲಿ ಎರಡೂ ಬದಿ ತುಂಬಿ, ಕ್ರೇನು ಬರಬೇಕಾದ ದಾರಿಯಲ್ಲಿಯೇ ನಾವು ನಿಂತುಕೊಂಡು, ಕ್ರೇನು ಯಾಕೆ ಬರಲಿಲ್ಲವೆಂದು ಕೂಗುತ್ತೇವೆ. 2021ರ ಜುಲೈಯಲ್ಲಿ ಅರಬೈಲ್‌ನಲ್ಲಿ ಗುಡ್ಡ ಕುಸಿದಾಗ ಹೆದ್ದಾರಿ ಮುಚ್ಚಿದ್ದು ಮಣ್ಣಿನಿಂದ, ಅದನ್ನು ಯಾರೂ ತಡೆಯಲಾಗುತ್ತಿರಲಿಲ್ಲ. ಆದರೆ ಉಳಿದ ದಿನಗಳಲ್ಲಿ ನಾನು ಘಟ್ಟದಲ್ಲಿ ಕಳೆದ ರಾತ್ರಿಗಳಲ್ಲಿ ಹೆಚ್ಚಿನವು ಆ ಬಲಬದಿಗೆ ನುಗ್ಗಿದವರ ಕೊಡುಗೆ. ಅಟ್ಲಾಂಟಾದ ಉಪ್ಪಿನ ಲಾರಿಯ ಕಥೆ ಓದಿದಾಗ ಇದು ನಮ್ಮ ಕ್ರೇನಿನ ಕಥೆಯೇ ಎನಿಸಿತು.

ಉಪ್ಪುನೀರು, ತದಡಿ

ಉಪ್ಪಿನ ಮಾತು ಬಂದದ್ದರಿಂದ ಎರಡು ಸಾಲು. ನಾನು ಮೀನಿನ ದೋಣಿಗಳಿಗೆ ಐಸು ಪೂರೈಸುವ ಕಾರ್ಖಾನೆಯಲ್ಲಿ ಕೆಲಸ ಮಾಡಿದವನು. ರಸ್ತೆಗೆ ಉಪ್ಪು ಹಾಕಿದರೆ ಮಂಜುಗಡ್ಡೆ ಹೇಗೆ ಕರಗುತ್ತದೆಂದು ಕೇಳುವವರು ಯಾವುದಾದರೂ ಹಳೆಯ ಮಾದರಿಯ ಐಸ್ ಕಾರ್ಖಾನೆಯ ತೊಟ್ಟಿಯನ್ನು ನೋಡಬೇಕು. ದೊಡ್ಡ ತೊಟ್ಟಿಯಲ್ಲಿ ಗಾಢ ಉಪ್ಪುನೀರು ಇರುತ್ತದೆ, ಅದರಲ್ಲಿ ಸಿಹಿನೀರು ತುಂಬಿದ ತಗಡಿನ ಉದ್ದ ಡಬ್ಬಿಗಳನ್ನು ಇಳಿಬಿಟ್ಟಿರುತ್ತಾರೆ. ಯಂತ್ರ ಆ ಉಪ್ಪುನೀರನ್ನು ಸೊನ್ನೆಗಿಂತ ಎಂಟು ಹತ್ತು ಡಿಗ್ರಿ ಕೆಳಗೆ ತಣಿಸುತ್ತದೆ. ಡಬ್ಬಿಯೊಳಗಿನ ಸಿಹಿನೀರು ಕಲ್ಲಾಗುತ್ತದೆ, ಸುತ್ತಲಿನ ಉಪ್ಪುನೀರು ಮಾತ್ರ ಅಷ್ಟೇ ತಣ್ಣಗಿದ್ದರೂ ಹರಿದಾಡುತ್ತಲೇ ಇರುತ್ತದೆ. ಒಮ್ಮೆ ಕೈ ಜಾರಿ ಮೊಣಕೈವರೆಗೆ ಅದರಲ್ಲಿ ಅದ್ದಿದ್ದೆ. ನೀರಿನಂತೆ ಕಾಣುವ ವಸ್ತು ಬೆಂಕಿಯಂತೆ ಸುಡುತ್ತದೆಂದು ಅಂದು ತಿಳಿಯಿತು. ರಸ್ತೆಗೆ ಹಾಕುವ ಉಪ್ಪಿನ ಕೆಲಸವೂ ಇದೇ, ನೀರು ಕಲ್ಲಾಗುವ ಬಿಂದುವನ್ನು ಕೆಳಗಿಳಿಸುವುದು.

ಆದರೆ ಇದಕ್ಕೆ ಎರಡು ಮಿತಿಗಳಿವೆ. ಒಂದು, ಚಳಿ ಸೊನ್ನೆಗಿಂತ ಒಂಬತ್ತು ಹತ್ತು ಡಿಗ್ರಿ ಕೆಳಗಿಳಿದ ಮೇಲೆ ಸಾಮಾನ್ಯ ಉಪ್ಪು ರಸ್ತೆಯ ಮೇಲೆ ಬಹಳ ನಿಧಾನವಾಗಿ ಕೆಲಸ ಮಾಡುತ್ತದೆ, ಅದಕ್ಕೇ ಬೇರೆ ಲವಣಗಳನ್ನು ಬೆರೆಸುತ್ತಾರೆ. ಎರಡನೆಯದೇ ಮುಖ್ಯ: ಹಿಮ ಬೀಳುವ ಮೊದಲೇ ರಸ್ತೆಗೆ ಉಪ್ಪುನೀರು ಸಿಂಪಡಿಸಿದರೆ ಗಡ್ಡೆ ಡಾಂಬರಿಗೆ ಅಂಟುವುದಿಲ್ಲ. ಅಂಟಿ, ಗಾಡಿಗಳು ತುಳಿದು ಗಟ್ಟಿಯಾದ ಮೇಲೆ ಹಾಕುವ ಉಪ್ಪು ಎಷ್ಟೋ ಪಟ್ಟು ಹೆಚ್ಚು ಬೇಕು, ಕೆಲಸವೂ ಅರ್ಧ. ಮಾರಿಪೇಟೆಯವರು ಹೇಳಿದ ನಾಲ್ಕು ಯಂತ್ರಗಳು ಅಂದು ಇದ್ದಿದ್ದರೂ ಮಧ್ಯಾಹ್ನದ ನಂತರ ಅವುಗಳನ್ನು ಓಡಿಸುವ ಖಾಲಿ ರಸ್ತೆ ಎಲ್ಲಿತ್ತು? ನಮ್ಮ ಸಾಣಿಕಟ್ಟೆಯ ಆಗರದ ಉಪ್ಪನ್ನೆಲ್ಲ ತಂದು ಸುರಿದಿದ್ದರೂ ಅದು ಹೆದ್ದಾರಿಯ ಬಾಯಲ್ಲೇ ಉಳಿಯುತ್ತಿತ್ತು.

ಅಕ್ಕೋರು, ಕುಮಟಾ

ಕಾಳಿದಂಡೆಯವರಿಗೆ ನಮಸ್ಕಾರ. ನೀವು ಹಿರಿಯರು, ಆದರೂ ಒಂದು ಮಾತು ನೇರವಾಗಿ ಹೇಳುತ್ತೇನೆ. ಎಲ್ಲರೂ ಒಟ್ಟಿಗೆ ಹೊರಟದ್ದೇ ತಪ್ಪೆಂದು ಬರೆದಿದ್ದೀರಿ. ಹೊರಟವರಲ್ಲಿ ನೀವೂ ಒಬ್ಬರು. ಶಾಲೆಯೊಳಗೆ, ಬಿಸಿಗಾಳಿಯ ಕೋಣೆಯಲ್ಲಿ, ಶಿಕ್ಷಕರ ಕಣ್ಣೆದುರಿಗೆ ಇದ್ದ ಮಗುವನ್ನು ಕರೆತರಲು ಜಾರುವ ರಸ್ತೆಗಿಳಿದ ಪ್ರತಿಯೊಬ್ಬ ಪಾಲಕರೂ ಆ ಸಾಲಿಗೆ ಒಂದೊಂದು ಕಾರನ್ನು ಸೇರಿಸಿದರು. ಆ ರಾತ್ರಿ ಎರಡು ಸಾವಿರಕ್ಕೂ ಹೆಚ್ಚು ಮಕ್ಕಳು ಶಾಲೆಗಳಲ್ಲಿ ಮಲಗಿದರೆಂದು ನಾನೂ ಓದಿದ್ದೇನೆ. ಅವರಿಗಿಂತ ಹೆಚ್ಚು ಕಷ್ಟಪಟ್ಟದ್ದು ಶಾಲೆಯಿಂದ ಹೊರಟು ಬಸ್ಸಿನಲ್ಲೇ ಸಿಕ್ಕಿಕೊಂಡ ಮಕ್ಕಳು.

ನಾನು ಘಟ್ಟದ ಬುಡದ ಶಾಲೆಯೊಂದರಲ್ಲಿ ಹದಿನಾರು ವರ್ಷ ಕಲಿಸಿದ್ದೇನೆ. ಅಲ್ಲಿ ಮಕ್ಕಳು ಹಳ್ಳ ದಾಟಿ ಮನೆಗೆ ಹೋಗಬೇಕು, ದಾಟಲು ಅಡಿಕೆ ಮರದ ಕಾಲುಸಂಕ. ಮಧ್ಯಾಹ್ನದ ಮೇಲೆ ಮಳೆ ಹಿಡಿದರೆ ನಾನು ಮೊದಲು ನೋಡುತ್ತಿದ್ದುದು ಗಡಿಯಾರವನ್ನಲ್ಲ, ಹಳ್ಳದ ನೀರಿನ ಬಣ್ಣವನ್ನು. ಕೆಂಪಾಯಿತೆಂದರೆ ಮೇಲೆ ಜೋರು ಮಳೆಯಾಗಿದೆ, ಇನ್ನು ಅರ್ಧ ತಾಸಿನಲ್ಲಿ ಸಂಕಕ್ಕೆ ನೀರು ಮುಟ್ಟುತ್ತದೆ ಎಂದರ್ಥ. ಆಗ ಎರಡೇ ದಾರಿ: ಕೆಂಪಾಗುವ ಮೊದಲೇ ಬಿಟ್ಟುಬಿಡಬೇಕು, ಇಲ್ಲವೇ ಇಳಿಯುವವರೆಗೆ ಬಿಡಲೇಬಾರದು. ಇವೆರಡರ ನಡುವಿನ ಹೊತ್ತಿನಲ್ಲಿ ಬಿಡುವುದೇ ಅನಾಹುತ. ಅಟ್ಲಾಂಟಾದವರು ಬಿಟ್ಟಿದ್ದು ಸರಿಯಾಗಿ ಆ ನಡುವಿನ ಹೊತ್ತಿನಲ್ಲಿ. ಒಮ್ಮೆ ಒಂಬತ್ತು ಮಕ್ಕಳನ್ನು ರಾತ್ರಿ ಎಂಟರವರೆಗೆ ಇಟ್ಟುಕೊಂಡು, ಬಿಸಿಯೂಟದ ಉಳಿದ ಅಕ್ಕಿಗೆ ಬೇಳೆ ಹಾಕಿ ಬೇಯಿಸಿ ಬಡಿಸಿದ್ದೆ. ಮರುದಿನ ಒಬ್ಬ ತಂದೆ ಬಂದು ಜಗಳವಾಡಿದರು, ಅದು ಬೇರೆ ಮಾತು.

ಇನ್ನು, ಮೊದಲೇ ರಜೆ ಕೊಡಬೇಕಿತ್ತೆಂದು ಹೇಳುವುದು ಸುಲಭ. ನಮ್ಮಲ್ಲಿ ಜಿಲ್ಲಾಧಿಕಾರಿಗಳು ಮಳೆಯ ರಜೆ ಘೋಷಿಸಿದ ದಿನ ಬಿಸಿಲು ಬಿದ್ದರೆ ನಾವೆಲ್ಲ ಎಷ್ಟು ನಗೆಯಾಡುತ್ತೇವೆ! ಹಾಗೆ ನಗುವವರೇ ಮಳೆ ಬಂದ ದಿನ ರಜೆ ಏಕೆ ಕೊಡಲಿಲ್ಲವೆಂದು ಬಯ್ಯುತ್ತಾರೆ. ವರ್ಷಕ್ಕೆ ಸರಾಸರಿ ಎರಡು ಅಂಗುಲ ಹಿಮ ಬೀಳುವ ಊರಿನಲ್ಲಿ ನಿರ್ಧಾರ ತೆಗೆದುಕೊಳ್ಳುವವರ ತಲೆಯಲ್ಲಿಯೂ ಈ ನಗುವಿನ ಭಯ ಇದ್ದಿರಬೇಕು.

ಶರಾವತಿ ಬದಿ, ಹೊನ್ನಾವರ

ಅಕ್ಕೋರ ಮಾತು ಸರಿ, ಆದರೆ ಮನೆಯಲ್ಲಿಯೇ ಇರಿ ಎಂಬುದು ತಿಂಗಳ ಸಂಬಳದವರಿಗೆ ಹೇಳಬಹುದಾದ ಮಾತು. ನನ್ನ ತಮ್ಮ ಅಲ್ಲಿ ಒಂದು ಹೋಟೆಲಿನ ಅಡುಗೆಮನೆಯಲ್ಲಿ ತಾಸಿನ ಲೆಕ್ಕಕ್ಕೆ ದುಡಿಯುತ್ತಾನೆ. ಹೋಗದ ದಿನ ಕೂಲಿಯಿಲ್ಲ, ಮರುದಿನ ಕೆಲಸವೂ ಇರುತ್ತದೆಂಬ ಖಾತ್ರಿಯಿಲ್ಲ. ದಾದಿಯರು, ಅಂಗಡಿಯವರು, ಕಸ ತೆಗೆಯುವವರು ಹೊರಡಲೇಬೇಕು. ಅಂಥವರು ದಾರಿಯಲ್ಲಿರುವಾಗ ಉಳಿದವರು ದಾರಿ ಬಿಟ್ಟುಕೊಟ್ಟರೆ ಅದೇ ದೊಡ್ಡ ಉಪಕಾರ.

ಕದ್ರಾ ನಿವೃತ್ತ

ಡಾಲಸ್‌ಗೆ ಹೊರಟ ಹುಡುಗನ ಪ್ರಸ್ತಾಪ ಇರುವುದರಿಂದ ಟೆಕ್ಸಾಸ್ ಸಂಗತಿಯನ್ನು ಬರೆಯುವುದು ಅಗತ್ಯ. ಅಲ್ಲಿ 2021ರ ಫೆಬ್ರವರಿಯಲ್ಲಿ ಆದದ್ದು ಅಟ್ಲಾಂಟಾಕ್ಕಿಂತ ಬಹಳ ಕಠಿಣ, ಏಕೆಂದರೆ ಅಲ್ಲಿ ಜನ ಸಿಕ್ಕಿಕೊಂಡದ್ದು ಸ್ವಂತ ಮನೆಯೊಳಗೆ.

ನಾನು ಕಾಳಿಯ ವಿದ್ಯುದಾಗಾರದಲ್ಲಿ ಪಾಳಿ ಕೆಲಸ ಮಾಡಿದವನು. ನಿಯಂತ್ರಣ ಕೊಠಡಿಯಲ್ಲಿ ನಾವು ದೇವರ ಫೋಟೋಗಿಂತ ಹೆಚ್ಚು ನೋಡುತ್ತಿದ್ದುದು ಆವರ್ತನದ ಮೀಟರನ್ನು. ನಮ್ಮಲ್ಲಿ ಅದು 50 ಹರ್ಟ್ಝ್, ಅಮೆರಿಕದಲ್ಲಿ 60. ಬೇಡಿಕೆ ಹೆಚ್ಚಿ ಉತ್ಪಾದನೆ ಕುಸಿದರೆ ಮುಳ್ಳು ಇಳಿಯುತ್ತದೆ, ಏರು ಹತ್ತುವಾಗ ಎತ್ತಿನಗಾಡಿಯ ವೇಗ ಕುಗ್ಗಿದಂತೆ. ಫೆಬ್ರವರಿ 15ರ ನಡುರಾತ್ರಿಯ ನಂತರ ಟೆಕ್ಸಾಸ್‌ನಲ್ಲಿ ಚಳಿಗೆ ಒಂದರ ಹಿಂದೊಂದು ಉತ್ಪಾದನಾ ಘಟಕಗಳು ನಿಂತವು. ಅನಿಲದ ಬಾವಿಗಳು, ಕೊಳವೆಗಳು, ಅಳತೆಯ ಉಪಕರಣಗಳು ಹೆಪ್ಪುಗಟ್ಟಿದವು. ಮುಳ್ಳು 59.4ಕ್ಕಿಂತ ಕೆಳಗೆ 4 ನಿಮಿಷ 23 ಸೆಕೆಂಡು ಇತ್ತು. ಒಂಬತ್ತು ನಿಮಿಷ ಹಾಗೆಯೇ ಇದ್ದಿದ್ದರೆ ಇನ್ನೂ ಅನೇಕ ಘಟಕಗಳು ತಮ್ಮ ರಕ್ಷಣೆಗಾಗಿ ತಾವೇ ಕಳಚಿಕೊಂಡು ಇಡೀ ಜಾಲ ಕತ್ತಲಾಗುತ್ತಿತ್ತು, ಮತ್ತೆ ಎಬ್ಬಿಸಲು ವಾರಗಳೇ ಬೇಕಾಗುವ ಸಂಭವವಿತ್ತು. ಅದನ್ನು ತಪ್ಪಿಸಲು ಮನೆಗಳ ವಿದ್ಯುತ್ತನ್ನು ಕಡಿದರು. 45 ಲಕ್ಷಕ್ಕೂ ಹೆಚ್ಚು ಮನೆಗಳು ಕತ್ತಲಾದವು. ಕಡಿದ ಮಾರ್ಗಗಳಲ್ಲಿ ಅನಿಲ ಪೂರೈಸುವ ಕೇಂದ್ರಗಳೂ ಇದ್ದುದರಿಂದ ಅನಿಲ ಇನ್ನೂ ಕಡಿಮೆಯಾಗಿ, ವಿದ್ಯುತ್ತು ಇನ್ನೂ ಕುಸಿಯಿತು. ಇದನ್ನು ಓದಿದಾಗ ನನಗೆ ನಿದ್ದೆ ಬರಲಿಲ್ಲ.

ಟೆಕ್ಸಾಸ್‌ನ ಜಾಲ ಬಹುಪಾಲು ಪ್ರತ್ಯೇಕವಾದದ್ದು, ನೆರೆಯವರಿಂದ ದೊಡ್ಡ ಪ್ರಮಾಣದಲ್ಲಿ ಎರವಲು ತರುವ ದಾರಿಯಿಲ್ಲ. ನಮ್ಮ ದಕ್ಷಿಣದ ಜಾಲವೂ ಮೊದಲು ಬೇರೆಯೇ ಆವರ್ತನದಲ್ಲಿ ಓಡುತ್ತಿತ್ತು. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ ಮಾರ್ಗದ ಮೂಲಕ ದೇಶದ ಜಾಲಕ್ಕೆ ಸೇರಿತು. ಪ್ರತ್ಯೇಕವಾಗಿರುವುದರಲ್ಲಿ ಲಾಭವೇ ಇಲ್ಲವೆಂದಲ್ಲ, 2012ರ ಜುಲೈಯಲ್ಲಿ ಉತ್ತರ ಭಾರತ ಕತ್ತಲಾದಾಗ ನಾವು ಉಳಿದದ್ದು ಅದರಿಂದಲೇ.

ಟೆಕ್ಸಾಸ್ ಸರ್ಕಾರದ ಲೆಕ್ಕದಲ್ಲಿ ಸತ್ತವರು 246 ಜನ. ಅವರಲ್ಲಿ ಚಳಿಯಿಂದ ಸತ್ತವರೇ ಹೆಚ್ಚು, ಆದರೆ ಬೆಚ್ಚಗಾಗಲು ಮುಚ್ಚಿದ ಗ್ಯಾರೇಜಿನಲ್ಲಿ ಕಾರು ಚಾಲೂ ಇಟ್ಟವರು, ಮನೆಯೊಳಗೆ ಇದ್ದಿಲು ಹಚ್ಚಿದವರು ವಿಷಾನಿಲಕ್ಕೆ ತುತ್ತಾದದ್ದೂ ಇದೆ. ನಮ್ಮ ಮನೆಗಳಲ್ಲಿ ಹೆಂಚಿನ ಸಂದಿಯಿಂದ ಹೊಗೆ ಹೋಗುತ್ತದೆ, ಆದ್ದರಿಂದ ಬೆಂಕಿ ಹಚ್ಚಿ ಕುಳಿತುಕೊಳ್ಳುವುದು ನಮಗೆ ಸಹಜ. ಅಲ್ಲಿನ ಮನೆ ಗಾಳಿ ನುಸುಳದಂತೆ ಕಟ್ಟಿದ ಪೆಟ್ಟಿಗೆ.

ಮಾರಿಪೇಟೆ, ಶಿರಸಿ

ನನ್ನ ಮೊದಲ ಮಾತಿನಲ್ಲಿ ಆತುರವಿತ್ತೆಂದು ಒಪ್ಪಿಕೊಳ್ಳುತ್ತೇನೆ. ಆದರೂ ಒಂದು ಸಂಶಯ ಉಳಿದಿದೆ. ಅಟ್ಲಾಂಟಾದಲ್ಲಿ 1982ರಲ್ಲಿಯೂ ಹೀಗೆಯೇ ಹಿಮದಲ್ಲಿ ಕಾರುಗಳು ನಿಂತಿದ್ದವು, 2011ರಲ್ಲಿ ಹೆಚ್ಚುಕಡಿಮೆ ಒಂದು ವಾರ ಊರು ಮುಚ್ಚಿತ್ತು ಎಂದು ಭಾವ ಹೇಳುತ್ತಾನೆ. ಮೂರು ಸಲ ಬಿದ್ದವನು ನಾಲ್ಕನೆಯ ಸಲವಾದರೂ ನೋಡಿ ನಡೆದನೆ?

ಕಾಳಿದಂಡೆ, ಕಾರವಾರ

ಅಕ್ಕೋರೇ, ನಿಮ್ಮ ಆಕ್ಷೇಪಕ್ಕೆ ನನ್ನಲ್ಲಿ ಉತ್ತರವಿಲ್ಲ. ಮರುದಿನ ಹನ್ನೊಂದು ಗಂಟೆಗೆ ಅಳಿಯ ಶಾಲೆಗೆ ಹೋದಾಗ ಮೊಮ್ಮಗ ವ್ಯಾಯಾಮದ ಚಾಪೆಯ ಮೇಲೆ ಕುಳಿತು ಗೆಳೆಯರ ಜೊತೆ ಇಸ್ಪೀಟಾಡುತ್ತಿದ್ದನಂತೆ. ಅವನ ಶಿಕ್ಷಕಿ ಮಾತ್ರ ಹಿಂದಿನ ದಿನದ ಬಟ್ಟೆಯಲ್ಲಿಯೇ, ಕಣ್ಣು ಕೆಂಪಾಗಿ, ಕೈಯಲ್ಲಿ ಹೆಸರಿನ ಪಟ್ಟಿ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಹಿಂದಿನ ಸಂಜೆ ಮಗಳಿಗೆ ಅವರು ಎರಡು ಸಲ ಫೋನು ಮಾಡಿ "ದಯವಿಟ್ಟು ಬರಬೇಡಿ, ನಾನಿದ್ದೇನೆ" ಎಂದಿದ್ದರು. ಆಗ ನಾವು ತಿರುಗಿ ಹೋಗಲೂ ದಾರಿಯಿರಲಿಲ್ಲ.

ಮಾರಿಪೇಟೆಯವರ ಪ್ರಶ್ನೆಗೆ ಉತ್ತರವಿದೆ, ಅದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಹದಿನೈದೇ ದಿನದಲ್ಲಿ, ಫೆಬ್ರವರಿ 12ರ ಹೊತ್ತಿಗೆ, ಇನ್ನೊಂದು ಬಿರುಗಾಳಿ ಬಂತು. ಅದರಲ್ಲಿ ಹಿಮಕ್ಕಿಂತ ಮಂಜುಗಡ್ಡೆಯ ಮಳೆಯೇ ಹೆಚ್ಚು, ಮರಗಳು ಮುರಿದವು, ಎಷ್ಟೋ ಮನೆಗಳ ಕರೆಂಟು ಹೋಯಿತು. ಈ ಸಲ ಹಿಂದಿನ ದಿನವೇ ಶಾಲೆ ಕಚೇರಿಗಳಿಗೆ ರಜೆ ಸಾರಿದ್ದರು. ಬೆಳಿಗ್ಗೆ ಟಿವಿಯಲ್ಲಿ ಅದೇ ಹೆದ್ದಾರಿಯನ್ನು ತೋರಿಸಿದಾಗ ಅದು ಹರತಾಳದ ದಿನದ ಕಾರವಾರ ಪೇಟೆಯಂತೆ ಖಾಲಿಯಿತ್ತು, ನಡುವೆ ಉಪ್ಪಿನ ಲಾರಿಯೊಂದು ತನ್ನಷ್ಟಕ್ಕೆ ಹೋಗುತ್ತಿತ್ತು. ಊರು ಅದೇ, ರಸ್ತೆಯೂ ಅದೇ. ಉಪ್ಪುನೀರಿನವರು ಕೇಳಿದ ಖಾಲಿ ರಸ್ತೆ ಅಂದು ಸಿಕ್ಕಿತ್ತು.

ಗಂಗಾವಳಿ ಹುಡುಗ, ಅಂಕೋಲಾ

ಡಾಲಸ್‌ಗೆ ಹೊರಟವನು ನಾನೇ. ಎಲ್ಲರಿಗೂ ವಂದನೆಗಳು. ಆಯಿ ಈ ಚರ್ಚೆಯನ್ನು ಗಟ್ಟಿಯಾಗಿ ಓದಿಸಿಕೊಂಡಿದ್ದಾಳೆ, ಈಗ ಟಿಕೆಟು ರದ್ದು ಮಾಡು ಎನ್ನುತ್ತಿದ್ದಾಳೆ. ನಾನು ನಿಜವಾಗಿ ಏನು ಸಿದ್ಧತೆ ಮಾಡಿಕೊಳ್ಳಬೇಕೆಂದು ಯಾರಾದರೂ ಹೇಳುವಿರಾ?

ಅರಬೈಲ್ ತಿರುವು, ಯಲ್ಲಾಪುರ

ತಮ್ಮಾ, ಗಾಡಿಯ ವಿಷಯ ಮಾತ್ರ ನಾನು ಹೇಳುತ್ತೇನೆ. ಚಳಿಗಾಲದಲ್ಲಿ ಟ್ಯಾಂಕು ಅರ್ಧಕ್ಕಿಂತ ಕೆಳಗಿಳಿಯಲು ಬಿಡಬೇಡ. ಸಿಕ್ಕಿಕೊಂಡರೆ ಇಂಜಿನನ್ನು ಸತತವಾಗಿ ಓಡಿಸಬೇಡ, ತಾಸಿಗೆ ಹತ್ತು ನಿಮಿಷ ಸಾಕು. ಓಡಿಸುವ ಮೊದಲು ಪ್ರತಿ ಸಲವೂ ಇಳಿದು, ಹಿಂದಿನ ಹೊಗೆ ಕೊಳವೆಯ ಬಾಯಿಗೆ ಹಿಮ ಮೆತ್ತಿಲ್ಲವೆಂದು ನೋಡಿ, ಗಾಳಿ ಬೀಸದ ಬದಿಯ ಗಾಜನ್ನು ಒಂದು ಬೆರಳು ಇಳಿಸಿಕೋ. 2022ರ ಜನವರಿಯಲ್ಲಿ ಪಾಕಿಸ್ತಾನದ ಮುರ್ರಿಯಲ್ಲಿ ಹಿಮ ನೋಡಲು ಹೋದ ಪ್ರವಾಸಿಗರು ಕಾರುಗಳಲ್ಲೇ ಸಿಕ್ಕಿ 20ಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ಕೆಲವರನ್ನು ಕೊಂದದ್ದು ಚಳಿಯಲ್ಲ, ಆ ಕೊಳವೆಯ ಹೊಗೆ. ಗಾಜಿನ ಮೇಲೆ ಕಟ್ಟಿದ ಗಡ್ಡೆಗೆ ಬಿಸಿನೀರು ಸುರಿಯಬೇಡ, ಗಾಜು ಸೀಳುತ್ತದೆ. ಬ್ರೇಕನ್ನು ಮುಟ್ಟಿಯೂ ಮುಟ್ಟದಂತೆ ಒತ್ತು. ಎಲ್ಲಕ್ಕಿಂತ ಮೊದಲು, ಹೊರಡದಿದ್ದರೆ ನಡೆಯುತ್ತದೆಯೇ ಎಂದು ಕೇಳಿಕೋ.

ಕದ್ರಾ ನಿವೃತ್ತ

ಮನೆಯ ವಿಷಯ: ಕಡುಚಳಿಯ ಮುನ್ಸೂಚನೆ ಬಂದ ರಾತ್ರಿ ನಲ್ಲಿಯನ್ನು ಸಣ್ಣಗೆ ತೊಟ್ಟಿಕ್ಕಲು ಬಿಡು. ನಿಂತ ನೀರು ಹೆಪ್ಪುಗಟ್ಟಿ ಹಿಗ್ಗಿದರೆ ಕೊಳವೆ ಒಡೆಯುತ್ತದೆ, ಟೆಕ್ಸಾಸ್‌ನಲ್ಲಿ ಅಂದು ಕರೆಂಟು ಬಂದ ಮೇಲೆ ಎಷ್ಟೋ ಮನೆಗಳ ಚಾವಣಿಯಿಂದ ನೀರು ಸುರಿದದ್ದು ಹೀಗೆಯೇ. ಕುಡಿಯುವ ನೀರನ್ನು ಪಾತ್ರೆಗಳಲ್ಲಿ ಮೊದಲೇ ತುಂಬಿಡು. ಹತ್ತಿಯ ಬಟ್ಟೆ ಒದ್ದೆಯಾದರೆ ಮೈಯನ್ನು ಇನ್ನಷ್ಟು ತಣ್ಣಗೆ ಮಾಡುತ್ತದೆ, ಒಳಗೆ ಉಣ್ಣೆಯದು ಇರಲಿ. ಇನ್ನು ಇದ್ದಿಲಿನ ಒಲೆಯನ್ನು ಮನೆಯೊಳಗೆ ಹಚ್ಚುವುದಿಲ್ಲವೆಂದು ಆಯಿಯ ಮೇಲೆ ಆಣೆ ಮಾಡಿ ಹೋಗು.

ಗಂಗಾವಳಿ ಹುಡುಗ, ಅಂಕೋಲಾ

ಆಣೆ ಮಾಡಿದ್ದೇನೆ. ಆಯಿ ಟಿಕೆಟಿನ ಮಾತು ಬಿಟ್ಟಿದ್ದಾಳೆ, ಆದರೆ ಉಪ್ಪುನೀರಿನವರ ಬರಹ ಕೇಳಿದ ಮೇಲೆ ಅರ್ಧ ಕಿಲೋ ಸಾಣಿಕಟ್ಟೆ ಉಪ್ಪನ್ನು ಪೊಟ್ಟಣ ಕಟ್ಟಿ ಪೆಟ್ಟಿಗೆಯ ತಳದಲ್ಲಿ ಇಟ್ಟಿದ್ದಾಳೆ. 23 ಕಿಲೋ ಮಿತಿಯಲ್ಲಿ ಇದಕ್ಕೂ ಜಾಗ ಬೇಕೇ ಎಂದು ಅಪ್ಪ ಕೇಳುತ್ತಿದ್ದಾರೆ.

ಉಪ್ಪುನೀರು, ತದಡಿ

ಅಲ್ಲಿ ಉಪ್ಪು ಅಗ್ಗಕ್ಕೆ ಸಿಗುತ್ತದೆ, ಆದರೂ ಆಯಿ ಇಟ್ಟದ್ದನ್ನು ತೆಗೆಯಬೇಡ. ಅರ್ಧ ಕಿಲೋ ಬಾಗಿಲ ಮುಂದಿನ ಮೂರ್ನಾಲ್ಕು ಮೆಟ್ಟಿಲುಗಳಿಗೆ ಸಾಕಾಗುತ್ತದೆ. ಹಿಂದಿನ ರಾತ್ರಿಯೇ ಹಾಕು, ಬೆಳಿಗ್ಗೆ ಜಾರಿ ಬಿದ್ದ ಮೇಲಲ್ಲ.